ದೆಹಲಿಯ ಹಳೆಯ ಸ್ಮಾರಕ, ಮ್ಯೂಸಿಯಂಗಳನ್ನು ಗೈಡ್ ಜೊತೆ ನೋಡುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ದೆಹಲಿಗೆ ಹೋಗಿ ಬಂದವರನ್ನು ಕೇಳಿದರೆ ಉತ್ತರ ಹೆಚ್ಚುಕಮ್ಮಿ ಒಂದೇ. "ಎಲ್ಲಾ ನೋಡಿದ್ವಿ, ಆದರೆ ತಲೆಯಲ್ಲಿ ಏನೂ ಉಳೀಲಿಲ್ಲ." ಫೋನಿನಲ್ಲಿ ನೂರಾರು ಫೋಟೋ ಇರುತ್ತವೆ. ಯಾವುದು ಯಾರ ಗೋರಿ ಎಂದು ಅವರಿಗೇ ನೆನಪಿರುವುದಿಲ್ಲ. ಇನ್ನು ಕೆಲವರು ಸೋಮವಾರ ಹೋಗಿ ಮ್ಯೂಸಿಯಂನ ಮುಚ್ಚಿದ ಗೇಟು ನೋಡಿಕೊಂಡು ಬಂದಿರುತ್ತಾರೆ.

ಎಡವುವ ಜಾಗಗಳು ಎಲ್ಲರಿಗೂ ಒಂದೇ. ದಿನ ಆರಿಸುವುದರಲ್ಲಿ ತಪ್ಪುತ್ತದೆ. ಒಂದೇ ದಿನಕ್ಕೆ ಆರೇಳು ತಾಣ ತುರುಕುತ್ತಾರೆ. ಗೇಟಿನ ಮುಂದೆ ಅವಸರದಲ್ಲಿ ಸಿಕ್ಕ ಗೈಡನ್ನು ಹಿಡಿಯುತ್ತಾರೆ. ಮ್ಯೂಸಿಯಂ ಅನ್ನು "ಟೈಮ್ ಸಿಕ್ಕರೆ ನೋಡೋಣ" ಎಂದು ಕೊನೆಗೆ ಇಟ್ಟುಕೊಳ್ಳುತ್ತಾರೆ. ಆಗ್ರಾ, ಹರಿದ್ವಾರ, ಕಾಶಿ ಎಂದು ಉತ್ತರ ಭಾರತದ ಟೂರ್ ಹೊರಟವರಿಗೆ ದೆಹಲಿಯಲ್ಲಿ ಸಾಮಾನ್ಯವಾಗಿ ಎರಡು ಮೂರು ದಿನ ಸಿಗುತ್ತದೆ. ಅಷ್ಟು ಸಮಯ ಸಾಕು, ಕೆಲಸಗಳನ್ನು ಸರಿಯಾದ ಕ್ರಮದಲ್ಲಿ ಮಾಡಬೇಕು ಅಷ್ಟೇ. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಅನುಸರಿಸಿ. ಮೊದಲ ನಾಲ್ಕನ್ನು ಮನೆಯಲ್ಲೇ ಮುಗಿಸಬೇಕು.

## ಹಂತ 1: ಮೊದಲು ದಿನ ನೋಡಿ, ಆಮೇಲೆ ರೈಲು ಟಿಕೆಟ್

ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ. ಟಿಕೆಟ್ ಸಿಕ್ಕ ದಿನ ಹೊರಟು, ಅಲ್ಲಿ ಹೋದ ಮೇಲೆ ಏನು ತೆರೆದಿದೆ ಎಂದು ಹುಡುಕುತ್ತೇವೆ.

ದೆಹಲಿಯಲ್ಲಿ ಸೋಮವಾರವನ್ನು ಮರೆಯಲೇಬೇಡಿ. ರಾಷ್ಟ್ರೀಯ ಮ್ಯೂಸಿಯಂ, ಕೆಂಪು ಕೋಟೆ, ಕರಕುಶಲ ಮ್ಯೂಸಿಯಂ, ರೈಲು ಮ್ಯೂಸಿಯಂ, ಪ್ರಧಾನಮಂತ್ರಿ ಸಂಗ್ರಹಾಲಯ, ಎಲ್ಲಕ್ಕೂ ಅಂದು ರಜೆ. ಆದರೆ ಕುತುಬ್ ಮಿನಾರ್ ಮತ್ತು ಹುಮಾಯೂನ್ ಗೋರಿ ವಾರವಿಡೀ ತೆರೆದಿರುತ್ತವೆ. ನಿಮ್ಮ ಮೂರು ದಿನದಲ್ಲಿ ಸೋಮವಾರ ಬಂದೇ ಬರುತ್ತದೆ ಎಂದಾದರೆ ಅದನ್ನು ಕುತುಬ್‌ಗೆ ಮೀಸಲಿಡಿ. ಸಮಸ್ಯೆ ಅಲ್ಲಿಗೇ ಮುಗಿಯಿತು.

ಜನವರಿಯ ಕೊನೆಯ ವಾರ ಬೇಡ. ಗಣರಾಜ್ಯೋತ್ಸವದ ಪೆರೇಡ್, ಅದರ ತಾಲೀಮು, ಕೊನೆಗೆ ಬೀಟಿಂಗ್ ರಿಟ್ರೀಟ್ ಎಂದು ಕರ್ತವ್ಯ ಪಥದ ಸುತ್ತಮುತ್ತ ರಸ್ತೆ ಮುಚ್ಚುತ್ತಲೇ ಇರುತ್ತಾರೆ. ರಾಷ್ಟ್ರೀಯ ಮ್ಯೂಸಿಯಂ ಇರುವುದು ಅದರ ಪಕ್ಕದಲ್ಲೇ. ಆಗಸ್ಟ್ 15ಕ್ಕೆ ಮುಂಚಿನ ದಿನಗಳಲ್ಲಿ ಕೆಂಪು ಕೋಟೆಯೊಳಗೆ ಪ್ರವಾಸಿಗರನ್ನು ಬಿಡುವುದಿಲ್ಲ.

ಹವಾಮಾನದ ವಿಷಯದಲ್ಲಿ ನನ್ನ ಆಯ್ಕೆ ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗೆ. ಅಕ್ಟೋಬರ್ ಮೊದಲ ಭಾಗವೂ ಪರವಾಗಿಲ್ಲ. ನವೆಂಬರ್‌ನಲ್ಲಿ ಗಾಳಿ ಕೆಡುತ್ತದೆ. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು ಕವಿದು ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಬೆಳಿಗ್ಗೆ ಹತ್ತಾದರೂ ಮಿನಾರಿನ ತುದಿ ಕಾಣದಿರಬಹುದು. ಮೇ, ಜೂನ್‌ನಲ್ಲಿ ವಯಸ್ಸಾದವರನ್ನು ಕರೆದುಕೊಂಡು ಹೋಗಲೇಬೇಡಿ. ಶಾಲೆಗೆ ರಜೆ ಅದೇ ತಿಂಗಳಲ್ಲಿ ಬರುತ್ತದೆ, ಗೊತ್ತು. ಆದರೂ ಬೇಡ. ಹೋಗಲೇಬೇಕಾದರೆ ಬೆಳಿಗ್ಗೆ ಹತ್ತರೊಳಗೆ ಬಯಲಿನ ತಾಣ ಮುಗಿಸಿ, ಮಧ್ಯಾಹ್ನ ಪೂರ್ತಿ ಮ್ಯೂಸಿಯಂ ಒಳಗಿರಿ.

ಏಪ್ರಿಲ್ 18ರ ವಿಶ್ವ ಪರಂಪರೆಯ ದಿನದಂಥ ದಿನಗಳಲ್ಲಿ ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ ಉಚಿತ ಪ್ರವೇಶ ಕೊಡುವುದುಂಟು. ನಲವತ್ತು ರೂಪಾಯಿ ಉಳಿಸಲು ಆ ಜನಜಂಗುಳಿಯಲ್ಲಿ ಸಿಕ್ಕಿಕೊಳ್ಳಬೇಡಿ.

## ಹಂತ 2: ದಿನಕ್ಕೆ ಎರಡೇ ತಾಣ

ಈ ಮಾತನ್ನು ಯಾರೂ ಕೇಳುವುದಿಲ್ಲ. "ಅಷ್ಟು ದೂರದಿಂದ ಬಂದಿದ್ದೀವಿ, ಎರಡೇ ಸಾಕಾ?" ಎನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಕುತುಬ್ ಆವರಣವನ್ನು ಗೈಡ್ ಜೊತೆ ಸರಿಯಾಗಿ ನೋಡಲು ಎರಡು ಗಂಟೆ ಬೇಕು. ರಾಷ್ಟ್ರೀಯ ಮ್ಯೂಸಿಯಂಗೆ ಕನಿಷ್ಠ ಮೂರು. ನಡುವೆ ದೆಹಲಿಯ ಟ್ರಾಫಿಕ್, ಭದ್ರತಾ ತಪಾಸಣೆ, ಊಟ. ಸಂಜೆ ಆಯಿತು.

ಒಂದು ದಿನದ ದೆಹಲಿ ದರ್ಶನ ಬಸ್ಸುಗಳು ಎಂಟು ತಾಣ ತೋರಿಸುತ್ತೇವೆ ಎನ್ನುತ್ತವೆ. ಅವುಗಳಲ್ಲಿ ಕೆಲವನ್ನು ಬಸ್ಸಿನ ಕಿಟಕಿಯಿಂದಲೇ ತೋರಿಸುತ್ತಾರೆ. ಮ್ಯೂಸಿಯಂ ಸಾಮಾನ್ಯವಾಗಿ ಪಟ್ಟಿಯಲ್ಲೇ ಇರುವುದಿಲ್ಲ. ಊರಿನ ಪರಿಚಯಕ್ಕೆ ಅದು ಸರಿ, ಹಳೆಯದನ್ನು ತಿಳಿದುಕೊಳ್ಳಲು ಉಪಯೋಗವಿಲ್ಲ.

ಮೂರು ದಿನಕ್ಕೆ ನಾನು ಸೂಚಿಸುವ ಜೋಡಣೆ ಹೀಗಿದೆ:

1. ಮೊದಲ ದಿನ: ರಾಷ್ಟ್ರೀಯ ಮ್ಯೂಸಿಯಂ. ಸಂಜೆಗೆ ಶಕ್ತಿ ಉಳಿದಿದ್ದರೆ ಪುರಾನಾ ಕಿಲಾ.
2. ಎರಡನೇ ದಿನ: ಬೆಳಿಗ್ಗೆ ಕುತುಬ್, ಆಮೇಲೆ ಪಕ್ಕದ ಮೆಹ್ರೌಲಿ ಪುರಾತತ್ವ ಉದ್ಯಾನ.
3. ಮೂರನೇ ದಿನ: ಹುಮಾಯೂನ್ ಗೋರಿ ಮತ್ತು ಅದರ ಮ್ಯೂಸಿಯಂ. ಮಧ್ಯಾಹ್ನದ ಮೇಲೆ ಫಿರೋಜ್ ಶಾ ಕೋಟ್ಲಾ (ಕ್ರಿಕೆಟ್ ಮೈದಾನವಲ್ಲ, ಹಳೆಯ ಕೋಟೆ).

ಕೆಂಪು ಕೋಟೆ ಎಲ್ಲಿ ಎಂದು ಕೇಳುತ್ತೀರಿ. ಬೇಕೆಂದೇ ಬಿಟ್ಟಿದ್ದೇನೆ. ಕಾರಣ ಹಂತ 8ರಲ್ಲಿದೆ.

ಮ್ಯೂಸಿಯಂ ಮೊದಲ ದಿನವೇ ಏಕೆ? ಹರಪ್ಪದಿಂದ ಮೊಘಲರವರೆಗಿನ ಕಾಲದ ಸಾಲು ಅಲ್ಲಿ ಒಂದೇ ಸೂರಿನಡಿ ಸಿಗುತ್ತದೆ. ಅದು ತಲೆಯಲ್ಲಿ ಕೂತ ಮೇಲೆ ಹೊರಗಿನ ಪ್ರತಿ ಕಲ್ಲನ್ನೂ ಅದರ ಜಾಗದಲ್ಲಿಟ್ಟು ನೋಡಬಹುದು. ಕೊನೆಯ ದಿನಕ್ಕೆ ಇಟ್ಟುಕೊಂಡರೆ ಕಾಲು ನೋವು, ರೈಲಿನ ಚಿಂತೆ, ಬ್ಯಾಗು ಎಲ್ಲಿಡುವುದು ಎಂಬ ತಲೆಬಿಸಿ. ಅರ್ಧ ಗಂಟೆಯಲ್ಲಿ ಹೊರಗೆ ಬಂದಿರುತ್ತೀರಿ.

## ಹಂತ 3: ಗೈಡ್ ಆರಿಸುವುದು, ಮಾತು ಪಕ್ಕಾ ಮಾಡುವುದು

ಹೆಚ್ಚು ಜನ ದುಡ್ಡು ಮತ್ತು ಸಮಯ ಎರಡನ್ನೂ ಕಳೆದುಕೊಳ್ಳುವುದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಲ್ಲಿ ಹುಡುಕಬೇಕು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಪರವಾನಗಿ ಇರುವ ಗೈಡ್‌ಗಳು ಇದ್ದಾರೆ. ಅವರ ಬಳಿ ಫೋಟೋ ಇರುವ ಗುರುತಿನ ಚೀಟಿ ಇರುತ್ತದೆ, ಕೆಲಸದ ಹೊತ್ತಿನಲ್ಲಿ ಕೊರಳಿಗೆ ಹಾಕಿಕೊಂಡಿರುತ್ತಾರೆ. ನೀವು ಇಳಿದುಕೊಳ್ಳುವ ಹೋಟೆಲ್ ಅಥವಾ ಟ್ರಾವೆಲ್ ಏಜೆಂಟ್ ಮೂಲಕ ಹೊರಡುವ ಮುಂಚೆಯೇ ಒಬ್ಬರನ್ನು ಗೊತ್ತು ಮಾಡಿ. ಇನ್ನೊಂದು ದಾರಿ ಪಾರಂಪರಿಕ ನಡಿಗೆಗಳು, ಅಂದರೆ ಹೆರಿಟೇಜ್ ವಾಕ್. ಪಾರಂಪರಿಕ ತಾಣಗಳ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ದೆಹಲಿ ಘಟಕ ಇಂಥ ನಡಿಗೆಗಳನ್ನು ನಡೆಸುತ್ತದೆ, ಹೆಚ್ಚಾಗಿ ವಾರಾಂತ್ಯದಲ್ಲಿ. ಮೆಹ್ರೌಲಿಯಂಥ ಜಾಗಕ್ಕೆ ಇವು ತುಂಬಾ ಚೆನ್ನ. ಆದರೆ ಮಂಡಿ ನೋವಿನವರಿಗೆ ಕಷ್ಟ, ಗುಂಪಿನ ಹೆಜ್ಜೆಗೆ ಹೆಜ್ಜೆ ಹಾಕಬೇಕಾಗುತ್ತದೆ.

ಭಾಷೆ. ಕನ್ನಡದಲ್ಲಿ ವಿವರಿಸುವ ಗೈಡ್ ದೆಹಲಿಯಲ್ಲಿ ಸಿಗುವುದು ಅಪರೂಪ. ಆರ್.ಕೆ.ಪುರಂನಲ್ಲಿ ದೆಹಲಿ ಕರ್ನಾಟಕ ಸಂಘ ಇದೆ. ದೊಡ್ಡ ಗುಂಪಾಗಿ ಹೋಗುವವರು ಅಲ್ಲಿ ಮೊದಲೇ ವಿಚಾರಿಸಬಹುದು, ಇತಿಹಾಸದಲ್ಲಿ ಆಸಕ್ತಿ ಇರುವ ಕನ್ನಡಿಗರು ಯಾರಾದರೂ ಜೊತೆಗೆ ಬಂದರೂ ಬರಬಹುದು. ಇಲ್ಲದಿದ್ದರೆ ಹಿಂದಿ ಅಥವಾ ಇಂಗ್ಲಿಷ್ ಗೈಡ್‌ಗೆ ಮೊದಲೇ ಹೇಳಿ: ಎರಡು ಮೂರು ನಿಮಿಷ ಮಾತಾಡಿ ನಿಲ್ಲಿಸಬೇಕು, ನಮ್ಮಲ್ಲೊಬ್ಬರು ಅದನ್ನು ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾರೆ. ಒಪ್ಪುವ ಗೈಡ್ ಒಳ್ಳೆಯವರು. ಮುಖ ಸಿಂಡರಿಸಿದರೆ ಬೇರೆಯವರನ್ನು ನೋಡಿ. ಹಿಂದಿ ಬಾರದ ಅತ್ತೆ ಮಾವ ಮೂರು ಗಂಟೆ ಸುಮ್ನೆ ಹಿಂದೆ ಹಿಂದೆ ನಡೆಯುವ ಪ್ರವಾಸದಿಂದ ಯಾರಿಗೂ ಸುಖವಿಲ್ಲ.

ಫೋನಿನಲ್ಲೇ ಪಕ್ಕಾ ಮಾಡಿಕೊಳ್ಳಬೇಕಾದ್ದು. ಶುಲ್ಕ ಇಡೀ ಗುಂಪಿಗೋ ತಲೆಗೋ? ಅರ್ಧ ದಿನ ಎಂದರೆ ಎಷ್ಟು ಗಂಟೆ? ಪ್ರವೇಶ ಟಿಕೆಟ್, ಕಾರು, ಪಾರ್ಕಿಂಗ್ ಇದರಲ್ಲಿ ಸೇರಿದೆಯೋ? ಎಲ್ಲಿ ಭೇಟಿ? "ಕುತುಬ್ ಹತ್ತಿರ" ಎಂದರೆ ಸಾಲದು, "ಟಿಕೆಟ್ ಕೌಂಟರ್ ಮುಂದೆ" ಎನ್ನಬೇಕು. ಕೊನೆಗೆ "ಯಾವ ಅಂಗಡಿಗೂ ಹೋಗುವುದಿಲ್ಲ" ಎಂದು ನೀವೇ ಬಾಯಿಬಿಟ್ಟು ಹೇಳಿ. ಇಷ್ಟನ್ನೂ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ, "ಓಕೆ" ತರಿಸಿಕೊಳ್ಳಿ.

ಪರೀಕ್ಷೆಗೆ ಒಂದು ಪ್ರಶ್ನೆ. ಗೈಡ್ ತಿಳಿದವರೋ ಬಾಯಿಪಾಠದವರೋ ಎಂದು ಗೊತ್ತುಮಾಡಲು ಹೀಗೆ ಕೇಳಿ: "ಕುತುಬ್ ಮಸೀದಿಯ ಕಮಾನಿಗೂ ಅಲಾಯಿ ದರ್ವಾಜಾದ ಕಮಾನಿಗೂ ಏನು ವ್ಯತ್ಯಾಸ?" ಮೊದಲನೆಯದರಲ್ಲಿ ಕಲ್ಲುಗಳನ್ನು ಒಂದರ ಮೇಲೊಂದು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಚಾಚಿ ಕಮಾನಿನ ಆಕಾರ ಕೊಟ್ಟಿದ್ದಾರೆ. ಎರಡನೆಯದರಲ್ಲಿ ಬೆಣೆಯಾಕಾರದ ಕಲ್ಲು ಜೋಡಿಸಿದ ನಿಜವಾದ ಕಮಾನಿದೆ. ಇದಕ್ಕೆ ಉತ್ತರಿಸಿದವರ ಜೊತೆ ಧೈರ್ಯವಾಗಿ ಹೋಗಿ.

ಎಚ್ಚರಿಕೆಯ ಲಕ್ಷಣಗಳು. ಆಟೋ ಇಳಿಯುತ್ತಿದ್ದಂತೆ ಓಡಿ ಬಂದು "ಇವತ್ತು ಬಂದ್ ಇದೆ, ಬೇರೆ ಕಡೆ ತೋರಿಸ್ತೀನಿ" ಎನ್ನುವವರು. "ಕ್ಯೂ ಇಲ್ಲದೆ ಒಳಗೆ ಬಿಡಿಸ್ತೀನಿ" ಎನ್ನುವವರು. ಚೀಟಿ ತೋರಿಸಿ ಎಂದರೆ ಅರೆಕ್ಷಣ ಮಿಂಚಿಸಿ ಜೇಬಿಗಿಳಿಸುವವರು. "ನಿಮಗೆ ಇಷ್ಟ ಬಂದಷ್ಟು ಕೊಡಿ" ಎಂದು ಶುರು ಮಾಡುವವರು, ಕೊನೆಗೆ ಜಾಸ್ತಿ ಜಗಳ ಇವರ ಜೊತೆಗೇ. ನವದೆಹಲಿ ರೈಲು ನಿಲ್ದಾಣದ ಆಚೀಚೆ "ಸರ್ಕಾರಿ ಪ್ರವಾಸಿ ಕಚೇರಿ" ಎಂದು ಬೋರ್ಡು ಹಾಕಿಕೊಂಡ ಖಾಸಗಿ ಅಂಗಡಿಗಳ ಬಗ್ಗೆಯೂ ಹುಷಾರು. ನಿಲ್ದಾಣದಲ್ಲಿ ಯಾರಾದರೂ ತಾವಾಗಿಯೇ ಬಂದು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದರೆ ನಿಲ್ಲದೆ ನಡೆಯಿರಿ.

ಗೈಡ್ ಬೇಕೇ ಬೇಕಾ? ಎಲ್ಲ ಕಡೆಗೂ ಬೇಡ. ಕುತುಬ್ ಮತ್ತು ರಾಷ್ಟ್ರೀಯ ಮ್ಯೂಸಿಯಂಗೆ ಬೇಕು. ಹುಮಾಯೂನ್ ಗೋರಿಯಲ್ಲಿ ಫಲಕಗಳು ಚೆನ್ನಾಗಿವೆ, ಓದಿಕೊಂಡು ಸುತ್ತಬಹುದು. ದುಡ್ಡು ಉಳಿಸುವುದಾದರೆ ಅಲ್ಲಿ ಉಳಿಸಿ.

## ಹಂತ 4: ಟಿಕೆಟ್, ಗುರುತಿನ ಚೀಟಿ, ಚೀಲ

ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆಯಬಹುದು. ಕೌಂಟರ್ ಪಕ್ಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಯೂ ಆಗುತ್ತದೆ. ಕುತುಬ್, ಹುಮಾಯೂನ್ ಗೋರಿಗೆ ಭಾರತೀಯರಿಗೆ 35ರಿಂದ 40 ರೂಪಾಯಿ, ವಿದೇಶಿಯರಿಗೆ 550ರಿಂದ 600. ಆನ್‌ಲೈನ್‌ನಲ್ಲಿ ಸ್ವಲ್ಪ ಕಡಿಮೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಗೇಟಿನ ಹತ್ತಿರ ನೆಟ್‌ವರ್ಕ್ ಕೈಕೊಡುವುದುಂಟು, ಟಿಕೆಟ್ಟಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಅಮೆರಿಕ, ಬ್ರಿಟನ್ ಕಡೆಯಿಂದ ಬರುವ ಕನ್ನಡಿಗರು ಇದನ್ನು ಗಮನಿಸಿ. ಪಾಸ್‌ಪೋರ್ಟ್ ವಿದೇಶದ್ದಾಗಿದ್ದರೂ ಒಸಿಐ ಕಾರ್ಡ್ ಇದ್ದರೆ ಭಾರತೀಯರ ದರವೇ ಅನ್ವಯ. ಕಾರ್ಡನ್ನು ಬೆಂಗಳೂರಿನ ಮನೆಯಲ್ಲಿ ಬಿಟ್ಟು ಬಂದು ಇಡೀ ಕುಟುಂಬಕ್ಕೆ ವಿದೇಶಿಯರ ದರ ಕೊಡುವವರು ಎಷ್ಟೋ ಜನ.

ಸೂಟ್‌ಕೇಸ್ ಎಳೆದುಕೊಂಡು ಯಾವ ತಾಣಕ್ಕೂ ಹೋಗಬೇಡಿ. ಚಿಕ್ಕ ಚೀಲದಲ್ಲಿ ನೀರು, ಟೋಪಿ, ಪವರ್ ಬ್ಯಾಂಕ್, ಒಂದು ಸಣ್ಣ ನೋಟ್‌ಬುಕ್ ಸಾಕು. ನವೆಂಬರ್‌ನಿಂದ ಜನವರಿವರೆಗೆ ಎನ್-95 ಮಾಸ್ಕ್ ಇರಲಿ. ತಿಂಡಿಯನ್ನು ಒಳಗೆ ಬಿಡದಿರಬಹುದು, ಟ್ರೈಪಾಡ್ ಅಂತೂ ಬಿಡುವುದಿಲ್ಲ. ಚಪ್ಪಲಿ ಬೇಡ, ಬೂಟು ಹಾಕಿ. ಸಾವಿರಾರು ಜನ ತುಳಿದು ನುಣುಪಾದ ಕಲ್ಲು ಮಳೆಯಲ್ಲಿ ಜಾರುತ್ತದೆ.

ಓಡಾಟಕ್ಕೆ ಮೆಟ್ರೋ ಒಳ್ಳೆಯದು. ಒಂದು ದಿನ ಮತ್ತು ಮೂರು ದಿನದ ಪ್ರವಾಸಿ ಕಾರ್ಡ್ ಸಿಗುತ್ತದೆ. ಆದರೆ ನಿಲ್ದಾಣದ ಹೆಸರನ್ನು ನಂಬಿ ಮೋಸ ಹೋಗಬೇಡಿ. "ಕುತುಬ್ ಮಿನಾರ್" ನಿಲ್ದಾಣದಿಂದ ಕುತುಬ್‌ಗೆ ಹತ್ತಿರ ಹತ್ತಿರ ಎರಡು ಕಿಲೋಮೀಟರ್, ಆಟೋ ಬೇಕು. ಹೆಸರುಗಳೂ ಬದಲಾಗುತ್ತಿರುತ್ತವೆ. ಹಳೆಯ ಪ್ರಗತಿ ಮೈದಾನ್ ನಿಲ್ದಾಣ ಈಗ ಸುಪ್ರೀಂ ಕೋರ್ಟ್. ಯಾರೋ ಹಿಂದೆ ಹೋದವರು ಬರೆದುಕೊಟ್ಟ ಚೀಟಿಗಿಂತ ಅಂದಿನ ಮ್ಯಾಪ್ ನೋಡುವುದು ವಾಸಿ.

## ಹಂತ 5: ರಾಷ್ಟ್ರೀಯ ಮ್ಯೂಸಿಯಂ, ಹೊಟ್ಟೆ ತುಂಬಿಸಿಕೊಂಡು ಹೋಗಿ

ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ. ಹತ್ತಕ್ಕೇ ಇರಿ. ಹನ್ನೊಂದೂವರೆ ಹೊತ್ತಿಗೆ ಶಾಲಾ ಮಕ್ಕಳ ಬಸ್ಸುಗಳು ಬರುತ್ತವೆ.

1. ಕೌಂಟರಿನಲ್ಲಿ ಕೇಳಿ. ಇವತ್ತು ಯಾವ ಗ್ಯಾಲರಿ ಮುಚ್ಚಿದೆ? ಸ್ವಯಂಸೇವಕ ಗೈಡ್‌ಗಳ ಉಚಿತ ಸುತ್ತು ಇದೆಯೇ, ಎಷ್ಟು ಹೊತ್ತಿಗೆ? ಈ ಮ್ಯೂಸಿಯಂ ಅನ್ನು ನಾರ್ತ್ ಬ್ಲಾಕ್, ಸೌತ್ ಬ್ಲಾಕ್ ಕಟ್ಟಡಗಳಿಗೆ ಸಾಗಿಸಿ ದೊಡ್ಡದಾಗಿ ಕಟ್ಟುವ ಯೋಜನೆ ಇದೆ. ವಸ್ತುಗಳು ಜಾಗ ಬದಲಿಸಬಹುದು, ಗ್ಯಾಲರಿಗಳು ಮುಚ್ಚಬಹುದು. ಹೊರಡುವ ಹಿಂದಿನ ದಿನ ಇನ್ನೊಮ್ಮೆ ವಿಚಾರಿಸಿ. ಆಡಿಯೋ ಗೈಡ್ ಕನ್ನಡದಲ್ಲಿ ಇರುತ್ತದೆ ಎಂದು ನಂಬಿಕೊಂಡು ಹೋಗಬೇಡಿ.

2. ಹರಪ್ಪ ಗ್ಯಾಲರಿಯಿಂದ ಶುರು ಮಾಡಿ. ಮೊಹೆಂಜೊದಾರೋದ ನರ್ತಕಿಯ ಕಂಚಿನ ಮೂರ್ತಿ ಇಲ್ಲಿದೆ. ಪಠ್ಯಪುಸ್ತಕದ ಚಿತ್ರ ನೋಡಿ ಬಂದವರು ಆಳೆತ್ತರದ್ದನ್ನು ಹುಡುಕುತ್ತಾರೆ, ಅದರ ಮುಂದೆಯೇ ದಾಟಿ ಹೋಗುತ್ತಾರೆ. ಅದರ ಎತ್ತರ ಕೇವಲ 10.5 ಸೆಂಟಿಮೀಟರ್. 1926ರಲ್ಲಿ ಸಿಕ್ಕಿದ್ದು, ಮೇಣದ ಅಚ್ಚು ಕರಗಿಸಿ ಎರಕ ಹೊಯ್ದದ್ದು. ಪಶುಪತಿ ಎಂದು ಕರೆಯುವ ಮುದ್ರೆಯೂ ಈ ಮ್ಯೂಸಿಯಂನದೇ, ಅದೂ ಚಿಕ್ಕದು. ಗಡ್ಡದ "ಪುರೋಹಿತ ರಾಜ" ಮಾತ್ರ ಪಾಕಿಸ್ತಾನದಲ್ಲಿದೆ. ಅದರ ಮೂಲ ಇಲ್ಲೇ ಇದೆ ಎನ್ನುವ ಗೈಡ್‌ನ ಉಳಿದ ಮಾತುಗಳನ್ನೂ ಅಳೆದು ಸುರಿದು ಕೇಳಿ.

3. ಬುದ್ಧನ ಅವಶೇಷಗಳು. ಪಿಪ್ರಾಹ್ವಾದಲ್ಲಿ ಸಿಕ್ಕ ಅಸ್ಥಿ ಅವಶೇಷಗಳು ಈ ಮ್ಯೂಸಿಯಂನ ಸ್ವತ್ತು. ಬೇರೆ ದೇಶಗಳಿಂದ ಬಂದ ಬೌದ್ಧರು ಅವುಗಳ ಮುಂದೆ ಪ್ರಾರ್ಥನೆಗೆ ಕೂರುತ್ತಾರೆ. ಅಲ್ಲಿ ದನಿ ತಗ್ಗಿಸಿ, ಸೆಲ್ಫಿ ಬೇಡ.

4. ಶಿಲ್ಪಗಳ ಸಾಲು. ಮೌರ್ಯ, ಶುಂಗ, ಗುಪ್ತ, ಆಮೇಲೆ ಮಧ್ಯಯುಗ. ಇಲ್ಲಿ ನಮ್ಮವರು ಹುಡುಕಬೇಕಾದ್ದು ಐಹೊಳೆಯ ದುರ್ಗಾ ಗುಡಿಯಿಂದ ಬಂದ ಹಾರುವ ಗಂಧರ್ವ ದಂಪತಿ. ಬಾಗಲಕೋಟೆ ಜಿಲ್ಲೆಯ ಗುಡಿಯ ಕಲ್ಲು ಇಲ್ಲಿದೆ ಎಂದು ಬಹಳ ಕನ್ನಡಿಗರಿಗೆ ಗೊತ್ತೇ ಇರುವುದಿಲ್ಲ. ಗೈಡ್ ತಾವಾಗಿ ತೋರಿಸುವುದು ಕಡಿಮೆ, ಹೆಸರು ಹೇಳಿ ಕೇಳಿ. ಹೊಯ್ಸಳರ ಶಿಲ್ಪಗಳೂ ಸಂಗ್ರಹದಲ್ಲಿವೆ.

5. ಇಲ್ಲಿಗೆ ನಿಲ್ಲಿಸಿ, ಊಟ ಮಾಡಿ. ಒಳಗೆ ಬಂದು ಸುಮಾರು ಎರಡು ತಾಸು ಆಗಿರುತ್ತದೆ. ಅಶೋಕ ರಸ್ತೆಯ ಆಂಧ್ರ ಭವನದ ಕ್ಯಾಂಟೀನ್ ದೂರವಿಲ್ಲ. ಅನ್ನ, ಸಾರು, ಪಲ್ಯದ ಊಟ ಸಿಗುತ್ತದೆ. ಮಧ್ಯಾಹ್ನ ಒಂದರ ನಂತರ ಕ್ಯೂ ಉದ್ದವಾಗುತ್ತದೆ. ಅಲ್ಲಿಂದ ವಾಪಸ್ಸು ಬಂದು ಚಿಕಣಿ ಚಿತ್ರ, ನಾಣ್ಯ, ವಾದ್ಯಗಳನ್ನು ನೋಡುವುದು ನಿಮಗೆ ಬಿಟ್ಟದ್ದು. ವಾಪಸ್ಸು ಬರುವುದಾದರೆ ಅದೇ ಟಿಕೆಟ್‌ನಲ್ಲಿ ಮತ್ತೆ ಒಳಗೆ ಬಿಡುತ್ತಾರೋ ಎಂದು ಹೊರಡುವ ಮುಂಚೆ ಕೇಳಿಕೊಳ್ಳಿ.

ಅಶೋಕನ ನಾಲ್ಕು ಸಿಂಹಗಳ ಮೂಲ ಬೋದಿಗೆಯನ್ನು (ಕಂಬದ ತಲೆಭಾಗ) ಇಲ್ಲಿ ಹುಡುಕಬೇಡಿ. ಅದು ಸಾರನಾಥದ ಮ್ಯೂಸಿಯಂನಲ್ಲಿದೆ. ಕಾಶಿಗೆ ಹೋಗುವವರು ಅಲ್ಲಿ ನೋಡಿ.

ಅಂದು ಸಂಜೆ ಪುರಾನಾ ಕಿಲಾಗೆ ಹೋದರೆ ಒಂದು ಗಂಟೆ ಸಾಕು. 1541ರ ಮಸೀದಿ, ಹುಮಾಯೂನ್ ಮೆಟ್ಟಿಲಿನಿಂದ ಬಿದ್ದ ಶೇರ್ ಮಂಡಲ್, ಪುರಾತತ್ವ ಇಲಾಖೆ ಅಗೆದ ಜಾಗ, ಇಷ್ಟು ನೋಡಿ. ಇಂದ್ರಪ್ರಸ್ಥ ಇದೇ ಎಂದು ಹೇಳುವವರು ಬಹಳ. ನೆಲದಲ್ಲಿ ಏನು ಸಿಕ್ಕಿದೆ, ಜನ ಏನು ನಂಬುತ್ತಾರೆ ಎಂಬುದನ್ನು ಬೇರೆ ಬೇರೆಯಾಗಿ ಹೇಳುವಂತೆ ಗೈಡನ್ನು ಕೇಳಿ.

## ಹಂತ 6: ಕುತುಬ್ ಆವರಣ, ಮಿನಾರನ್ನು ಕೊನೆಗೆ ನೋಡಿ

ಎಲ್ಲರೂ ಒಳಗೆ ಹೋದ ತಕ್ಷಣ 72.5 ಮೀಟರ್ ಎತ್ತರದ ಮಿನಾರಿನ ಕೆಳಗೆ ನಿಂತು ಫೋಟೋ ತೆಗೆಯುತ್ತಾರೆ. ಅಲ್ಲಿಗೆ ಉತ್ಸಾಹ ಮುಗಿಯುತ್ತದೆ. ಕ್ರಮವನ್ನು ತಿರುಗಿಸಿ. ಬೆಳಿಗ್ಗೆ ಬೇಗ ಹೋದರೆ ಇದು ಸುಲಭ.

1. ಮೊದಲು ಮಸೀದಿಯ ಅಂಗಳ. ಇಲ್ಲಿನ ಕಂಬಗಳನ್ನು ಹತ್ತಿರದಿಂದ ನೋಡಿ. ಗಂಟೆ, ಸರಪಳಿ, ಹೂಬಳ್ಳಿಯ ಕೆತ್ತನೆಗಳಿವೆ. 27 ದೇಗುಲಗಳ ಸಾಮಗ್ರಿಯನ್ನು ಬಳಸಿದ್ದಾಗಿ ಅಲ್ಲಿನ ಶಾಸನವೇ ಹೇಳುತ್ತದೆ. ಹಿಂದೂ ಮತ್ತು ಜೈನ ಗುಡಿಗಳ ಕಂಬಗಳು ಇವು. ಬೇಲೂರು, ಲಕ್ಕುಂಡಿ ನೋಡಿದವರ ಕಣ್ಣಿಗೆ ಇವು ಬೇಗ ಬೀಳುತ್ತವೆ. ಇಲ್ಲಿ ಕೆಲವು ಗೈಡ್‌ಗಳು ಭಾಷಣ ಶುರು ಮಾಡುತ್ತಾರೆ. "ಶಾಸನ ಎಲ್ಲಿದೆ ತೋರಿಸಿ" ಎಂದರೆ ಮಾತು ದಾರಿಗೆ ಬರುತ್ತದೆ.

2. ಕಬ್ಬಿಣದ ಕಂಬ. ಇದೂ ಅಂಗಳದಲ್ಲೇ ಇದೆ. ಎತ್ತರ 7 ಮೀಟರ್‌ಗಿಂತ ಸ್ವಲ್ಪ ಹೆಚ್ಚು, ತೂಕ 6 ಟನ್‌ಗೂ ಮೇಲೆ. ಬ್ರಾಹ್ಮಿ ಲಿಪಿಯ ಸಂಸ್ಕೃತ ಶಾಸನದಲ್ಲಿ ಬರುವ ಚಂದ್ರ ಎಂಬ ರಾಜನನ್ನು ಗುಪ್ತರ ಎರಡನೇ ಚಂದ್ರಗುಪ್ತ ಎಂದು ಹೆಚ್ಚಿನ ವಿದ್ವಾಂಸರು ಗುರುತಿಸುತ್ತಾರೆ. ಆವರಣದ ಉಳಿದ ಕಟ್ಟಡಗಳಿಗಿಂತ ಎಂಟು ಶತಮಾನದಷ್ಟು ಹಳೆಯದು ಇದು. ತುಕ್ಕು ಹಿಡಿಯದಿರಲು ಮಂತ್ರವೂ ಕಾರಣವಲ್ಲ, ಸ್ಟೇನ್‌ಲೆಸ್ ಸ್ಟೀಲೂ ಅಲ್ಲ. ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿದ್ದು, ಅದರಿಂದ ಮೇಲ್ಮೈಯಲ್ಲಿ ತೆಳುವಾದ ರಕ್ಷಣೆಯ ಪದರ ಕಟ್ಟಿಕೊಂಡಿದೆ. ಹಿಂದೆ ಜನ ಬೆನ್ನು ಕೊಟ್ಟು ಕಂಬವನ್ನು ತಬ್ಬುತ್ತಿದ್ದರು. ಬೆವರು, ತಿಕ್ಕಾಟದಿಂದ ಪದರ ಸವೆಯುತ್ತದೆ ಎಂದು 1997ರಲ್ಲಿ ಬೇಲಿ ಹಾಕಿದರು. "ಬೇಲಿಯೊಳಗೆ ಬಿಡಿಸ್ತೀನಿ" ಎನ್ನುವವರ ಮಾತು ಕೇಳಬೇಡಿ.

3. ಪರದೆ ಗೋಡೆಯ ಕಮಾನು, ನಂತರ ಅಲಾಯಿ ದರ್ವಾಜಾ. ಹಂತ 3ರ ಪ್ರಶ್ನೆಗೆ ಉತ್ತರ ಇಲ್ಲಿ ಕಣ್ಣಿಗೇ ಕಾಣುತ್ತದೆ. ಅಲಾಯಿ ದರ್ವಾಜಾ 1311ರದು, ಅಲಾವುದ್ದೀನ್ ಖಿಲ್ಜಿ ಕಟ್ಟಿಸಿದ್ದು. ಅದೇ 1311ರಲ್ಲಿ ಅವನ ಸೇನಾಪತಿ ಮಲಿಕ್ ಕಾಫರ್ ನಮ್ಮ ದ್ವಾರಸಮುದ್ರವನ್ನು, ಅಂದರೆ ಹಳೇಬೀಡನ್ನು ಮುತ್ತಿದ್ದ. ಮಕ್ಕಳಿಗೆ ಈ ಬಾಗಿಲಿನ ಕೆಳಗೆ ನಿಲ್ಲಿಸಿ ಹೇಳಿ, ಇಸವಿ ಮರೆಯುವುದಿಲ್ಲ.

4. ಅಲಾಯಿ ಮಿನಾರ್. ಕುತುಬ್‌ನ ಎರಡರಷ್ಟು ಎತ್ತರ ಕಟ್ಟಲು ಹೊರಟು 24.5 ಮೀಟರ್‌ಗೆ ನಿಂತುಹೋದ ಕಲ್ಲಿನ ಮೋಟು. ಐದು ನಿಮಿಷ ಸಾಕು.

5. ಈಗ ಕುತುಬ್ ಮಿನಾರ್. ಹತ್ತಲು ಆಗುವುದಿಲ್ಲ. 1981ರ ಡಿಸೆಂಬರ್‌ನಲ್ಲಿ ಒಳಗೆ ದೀಪ ಆರಿ ನೂಕುನುಗ್ಗಲಾಗಿ 45 ಜನ ಸತ್ತರು, ಅಂದಿನಿಂದ ಬಂದ್. ಹತ್ತಿಸುತ್ತೇನೆ ಎಂದು ದುಡ್ಡು ಕೇಳಿದರೆ ಅದು ಮೋಸ. ಕೆಳಗೆ ನಿಂತು ಬೇರೆ ಬೇರೆ ಅಂತಸ್ತಿನ ಕಲ್ಲಿನ ಬಣ್ಣ ಹೋಲಿಸಿ ನೋಡಿ. ಸಿಡಿಲು ಬಡಿದ ಮೇಲೆ ಫಿರೋಜ್ ಶಾ ತುಘಲಕ್ ದುರಸ್ತಿ ಮಾಡಿಸಿದ ಮೇಲಿನ ಭಾಗದಲ್ಲಿ ಬಿಳಿ ಅಮೃತಶಿಲೆ ಎದ್ದು ಕಾಣುತ್ತದೆ.

ಹೊರಗೆ ಬಂದು ನೀರು ಕುಡಿದು ಮೆಹ್ರೌಲಿ ಪುರಾತತ್ವ ಉದ್ಯಾನಕ್ಕೆ ಹೋಗಿ. ಟಿಕೆಟ್ ಇಲ್ಲ. ಬಲ್ಬನ್‌ನ ಗೋರಿ, ರಾಜೋಂ ಕಿ ಬಾವಲಿ ಎಂಬ ಮೆಟ್ಟಿಲು ಬಾವಿ, ಜಮಾಲಿ ಕಮಾಲಿ ಮಸೀದಿ ಇವೆ. ದಾರಿ ಕವಲೊಡೆಯುತ್ತದೆ, ಫಲಕ ಕಡಿಮೆ, ಕೆಲವು ಕಡೆ ಜನಸಂಚಾರವೇ ಇರುವುದಿಲ್ಲ. ಒಬ್ಬರೇ ಹೋಗಬೇಡಿ, ಕತ್ತಲಾಗುವ ಮುಂಚೆ ಹೊರಬನ್ನಿ. ಬೆಳಗಿನ ಗೈಡನ್ನೇ ಇಲ್ಲಿಗೂ ಇಟ್ಟುಕೊಳ್ಳುವುದು ಒಳ್ಳೆಯದು. ಜಮಾಲಿ ಕಮಾಲಿಯ ಗೋರಿಯ ಕೋಣೆಗೆ ಬೀಗ ಹಾಕಿರುತ್ತಾರೆ, ಕಾವಲುಗಾರರನ್ನು ಕೇಳಿ ನೋಡಿ.

## ಹಂತ 7: ಹುಮಾಯೂನ್ ಗೋರಿಯಲ್ಲಿ ಮ್ಯೂಸಿಯಂ ಬಿಡಬೇಡಿ

ಬೆಂಗಳೂರಿನಿಂದ ರಾಜಧಾನಿ ಎಕ್ಸ್‌ಪ್ರೆಸ್‌ನಲ್ಲಿ ಬಂದವರು ಇಳಿಯುವುದು ಹಜರತ್ ನಿಜಾಮುದ್ದೀನ್ ನಿಲ್ದಾಣದಲ್ಲಿ. ಈ ಗೋರಿ ಅದಕ್ಕೆ ಹತ್ತಿರ. ವಾಪಸ್ಸು ರೈಲೂ ಅಲ್ಲಿಂದಲೇ ಆದರೆ ಕೊನೆಯ ದಿನಕ್ಕೆ ಇದು ಹೇಳಿ ಮಾಡಿಸಿದ ಜಾಗ.

ಗೋರಿಗೂ ಸುಂದರ್ ನರ್ಸರಿ ಎಂಬ ಉದ್ಯಾನಕ್ಕೂ ನಡುವೆ, ನೆಲದೊಳಗೆ, 2024ರ ಜುಲೈನಲ್ಲಿ ಹೊಸ ಮ್ಯೂಸಿಯಂ ತೆರೆದಿದೆ. ಹೊರಗಿನಿಂದ ಎತ್ತರದ ಕಟ್ಟಡ ಕಾಣದ್ದರಿಂದ ಜನ ಗಮನಿಸದೆ ದಾಟುತ್ತಾರೆ. ಮೊದಲು ಇಲ್ಲಿಗೆ ಹೋಗಿ. 2014ರ ಬಿರುಗಾಳಿಯಲ್ಲಿ ಗುಮ್ಮಟದಿಂದ ಉರುಳಿದ ಹಳೆಯ ಕಳಶವನ್ನು ಇಲ್ಲಿ ಕಣ್ಣಿನ ಮಟ್ಟದಲ್ಲೇ ನೋಡಬಹುದು. ಇದರ ಟಿಕೆಟ್, ರಜೆಯ ದಿನ ಬೇರೆ. ಮೊದಲೇ ನೋಡಿಕೊಳ್ಳಿ.

ಆಮೇಲೆ ಗೋರಿಯ ಆವರಣ. ಒಳಗೆ ಹೋದ ಕೂಡಲೇ ಬಲಗಡೆ 1547ರ ಈಸಾ ಖಾನ್ ಗೋರಿ ಇದೆ, ಎಂಟು ಮೂಲೆಯದು. ಹುಮಾಯೂನ್ ಗೋರಿಗಿಂತ ಹಳೆಯದು. ಎಲ್ಲರೂ ನೇರ ಮುಂದಕ್ಕೆ ಹೋಗುವುದರಿಂದ ಇಲ್ಲಿ ಜನ ಕಡಿಮೆ. ಮುಖ್ಯ ಗೋರಿಯ ಜಗಲಿಗೆ ಹತ್ತುವ ಮೆಟ್ಟಿಲುಗಳು ಕಡಿದಾಗಿವೆ. ಮಂಡಿ ನೋವಿನವರು ಕೆಳಗಿನ ಚೌಕದ ತೋಟದಲ್ಲೇ ಕುಳಿತರೆ ನಷ್ಟವೇನಿಲ್ಲ, ಕಟ್ಟಡ ಪೂರ್ತಿ ಕಾಣುವುದು ಅಲ್ಲಿಂದಲೇ.

## ಹಂತ 8: ಕೆಂಪು ಕೋಟೆ ಬೇಕೋ ಬೇಡವೋ

ಕೋಟೆ ದೊಡ್ಡದು, ಹೊರಗೋಡೆ ಭವ್ಯ. ಆದರೆ ಒಳಗಿನ ಅರಮನೆಗಳನ್ನು ಹೆಚ್ಚಾಗಿ ಹೊರಗಿನಿಂದಲೇ ನೋಡಬೇಕು. ನವಿಲಿನ ಸಿಂಹಾಸನ 1739ರಲ್ಲೇ ನಾದಿರ್ ಶಾ ಜೊತೆ ಹೋಯಿತು. ತಪಾಸಣೆಯ ಕ್ಯೂ ಉದ್ದ, ನಡಿಗೆ ಜಾಸ್ತಿ. ಎರಡೇ ದಿನ ಇರುವವರು ಇದನ್ನು ಬಿಡಬಹುದು ಎಂಬುದು ನನ್ನ ಅಭಿಪ್ರಾಯ. ಧ್ವಜ ಹಾರಿಸುವ ಜಾಗ ನೋಡಬೇಕು ಎಂದು ಮನೆಯ ಹಿರಿಯರು ಹಟ ಹಿಡಿದರೆ ಹೋಗಿ, ಅದು ಬೇರೆ ಮಾತು. ಹೋದರೆ ಬ್ರಿಟಿಷರ ಕಾಲದ ಬ್ಯಾರಕ್‌ಗಳಲ್ಲಿ 2019ರಲ್ಲಿ ತೆರೆದ ಮ್ಯೂಸಿಯಂಗಳನ್ನು ನೋಡಿ. ಸುಭಾಷ್ ಚಂದ್ರ ಬೋಸ್ ಮತ್ತು ಅವರ ಸೇನೆ ಐಎನ್‌ಎ ಕುರಿತದ್ದು ಚೆನ್ನಾಗಿದೆ.

ಕೋಟೆಯ ಬದಲಿಗೆ ನಾನು ಫಿರೋಜ್ ಶಾ ಕೋಟ್ಲಾ ಆರಿಸುತ್ತೇನೆ. ದೆಹಲಿ ಗೇಟ್ ಮೆಟ್ರೋದಿಂದ ಹತ್ತಿರ. ಹರಿಯಾಣದ ತೋಪ್ರಾದಿಂದ ಹದಿನಾಲ್ಕನೇ ಶತಮಾನದಲ್ಲಿ ಸಾಗಿಸಿ ತಂದ ಅಶೋಕನ ಕಂಬ ಇಲ್ಲಿ ಎತ್ತರದ ಕಟ್ಟಡದ ಮೇಲೆ ನಿಂತಿದೆ. ಅಶೋಕನ ಏಳನೇ ಸ್ತಂಭ ಶಾಸನ ಇರುವುದು ಈ ಒಂದೇ ಕಂಬದ ಮೇಲೆ. ಬ್ರಿಟಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಬಿಡಿಸಿ ಓದುವಾಗ ಇದರ ಬರಹವೂ ಮುಂದಿತ್ತು. ಕಂಬದ ಬುಡದವರೆಗೆ ಹತ್ತಲು ಬಿಡುತ್ತಾರೋ ಎಂದು ಗೇಟಿನಲ್ಲಿ ಕೇಳಿ. ಗುರುವಾರ ಮಾತ್ರ ಬೇಡ. ಅಂದು ಇಲ್ಲಿ ನೆಲೆಸಿವೆ ಎಂದು ನಂಬುವ ಜಿನ್‌ಗಳಿಗೆ (ಕಣ್ಣಿಗೆ ಕಾಣದ ಶಕ್ತಿಗಳು) ಹರಕೆಯ ಚೀಟಿ ಬರೆದು ದೀಪ ಹಚ್ಚಲು ಜನ ತುಂಬಾ ಬರುತ್ತಾರೆ. ಅವರ ಫೋಟೋ ತೆಗೆಯುವುದು ಸರಿಯಲ್ಲ.

## ಹಂತ 9: ಅರ್ಧ ದಿನ ಉಳಿದರೆ ಅಶೋಕನ ಬಂಡೆ

ಇದು ಯಾವ ಪ್ಯಾಕೇಜಿನಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ದಕ್ಷಿಣ ದೆಹಲಿಯ ಶ್ರೀನಿವಾಸಪುರಿ, ಈಸ್ಟ್ ಆಫ್ ಕೈಲಾಶ್ ಕಡೆ, ಕಾಲ್ಕಾಜಿ ಗುಡಿಗೆ ದೂರವಲ್ಲದ ಒಂದು ಪಾರ್ಕಿನಲ್ಲಿ ಅಶೋಕನ ಕಿರು ಬಂಡೆ ಶಾಸನವಿದೆ. 1966ರಲ್ಲಿ ಪತ್ತೆಯಾಯಿತು. ನಮ್ಮ ಮಸ್ಕಿ, ಬ್ರಹ್ಮಗಿರಿ, ಕೊಪ್ಪಳದ ಗವಿಮಠದ ಬಂಡೆಗಳಲ್ಲಿರುವ ಸಂದೇಶವೇ ಇಲ್ಲೂ ಇದೆ. ರಾಯಚೂರು, ಚಿತ್ರದುರ್ಗ, ಕೊಪ್ಪಳ ಕಡೆಯವರಿಗೆ ಇದಕ್ಕಿಂತ ಹತ್ತಿರದ ದೆಹಲಿ ಬೇರೆ ಇಲ್ಲ.

ಹೋಗುವ ಕ್ರಮ: ನೆಹರು ಪ್ಲೇಸ್ ಮೆಟ್ರೋದಲ್ಲಿ ಇಳಿದು ಆಟೋ ಹಿಡಿಯಿರಿ. ಹೆಚ್ಚಿನ ಆಟೋದವರಿಗೆ ಶಾಸನ ಎಂದರೆ ಗೊತ್ತಾಗುವುದಿಲ್ಲ. ಇಸ್ಕಾನ್ ಗುಡಿಯ ಹೆಸರು ಹೇಳಿ ಹೊರಟು, ಕೊನೆಯ ತುಂಡು ದಾರಿಯನ್ನು ಮ್ಯಾಪ್ ನೋಡಿ ತೋರಿಸಿ. ಬಂಡೆಗೆ ಸೂರು ಹಾಕಿ, ಸುತ್ತ ಕಂಬಿ ಕಟ್ಟಿದ್ದಾರೆ, ಒಳಗೆ ಹೋಗಲು ಆಗದಿರಬಹುದು. ಅಕ್ಷರಗಳು ತುಂಬಾ ಸವೆದಿವೆ. ನಡು ಮಧ್ಯಾಹ್ನದ ಬೆಳಕಿನಲ್ಲಿ ಏನೂ ಕಾಣುವುದಿಲ್ಲ, ಬೆಳಿಗ್ಗೆ ಎಂಟರ ಸುಮಾರಿಗೆ ಓರೆ ಬಿಸಿಲು ಬೀಳುವಾಗ ಹೋಗಿ. ಮಸ್ಕಿ ಶಾಸನದ ಒಂದು ಸ್ಪಷ್ಟ ಫೋಟೋ ಫೋನಿನಲ್ಲಿರಲಿ, ಅಕ್ಷರದ ಆಕಾರ ಹೋಲಿಸಲು ಅನುಕೂಲ. ಗೈಡ್ ಬೇಕಿಲ್ಲ, ಟಿಕೆಟ್ ಇಲ್ಲ. ನೀರು ಮಾತ್ರ ನೀವೇ ತೆಗೆದುಕೊಂಡು ಹೋಗಿ.